'ಅಂತ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನನ್ನೋಣ?

ಗದಗ, ವೀರನಾರಾಯಣ ಗುಡಿ. ಪರವೂರಿನವರಿಗೆ ಒಂದು ಕಂಬ ತೋರಿಸಿ ಹೇಳುತ್ತಾರೆ: "ಕುಮಾರವ್ಯಾಸ ಇಲ್ಲೇ ಕೂತು ಭಾರತ ಬರದಾನಂತ್ರೀ." ಕೊನೆಯ ಆ 'ಅಂತ'ದೊಳಗೆ ಮೂರು ಮಾತಿವೆ: ನಾನು ಕಂಡಿಲ್ಲ, ಹಿರಿಯರಿಂದ ಕೇಳಿದ್ದೇನೆ, ಸುಳ್ಳೆಂದೂ ಅನ್ನಲಾರೆ. ಇಂಗ್ಲಿಷಿಗೆ ಹೊರಳಿದೊಡನೆ ಇವು ಉದುರಿಹೋಗುತ್ತವೆ. 'ಹಿ ರೋಟ್ ಇಟ್ ಹಿಯರ್' ಎಂದರೆ ಪುರಾವೆ ಕೊಡಬೇಕಾದ ಮಾತಾಯಿತು. 'ಇಟ್ ಈಸ್ ಬಿಲೀವ್ಡ್' ಎಂದರೆ ನಂಬಿದವರು ಯಾರೋ ತಿಳಿಯದು. 'ಪೀಪಲ್ ಹಿಯರ್ ಸೇ' ಎಂಬುದೇ ಹತ್ತಿರದ್ದೆನಿಸುತ್ತದೆ. ಹೇಳುವವರು ಯಾರೆಂಬುದಾದರೂ ಅದರಲ್ಲಿ ಉಳಿಯುತ್ತದೆ.

ಗದಗ ಎಪಿಎಂಸಿ, ಹೆಸರು ಬರುವ ಹಂಗಾಮು. "ರೇಟು ಏರತೈತಿ", "ಏರತೈತಂತ", "ಏರಬೋದು", "ಏರತೈತಿ ಅನಸ್ತೈತಿ". ನಾಲ್ಕೂ ಬೇರೆ ಬೇರೆ. ಚೀಲ ಇಂದೇ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ನಿಂತ ರೈತ ಆ ವ್ಯತ್ಯಾಸ ನೋಡಿಯೇ ಮಾತಿನ ತೂಕ ಹಿಡಿಯುತ್ತಾನೆ. ಓದಿದ ಹುಡುಗರು ಎರಡನೆಯದನ್ನು 'ರೇಟ್ ವಿಲ್ ಗೋ ಅಪ್, ಇಟ್ ಸೀಮ್ಸ್' ಅನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಯಾರಿಗೂ ತೊಡಕಿಲ್ಲ, ಯಾರೋ ಹೇಳಿದ್ದೆಂದು ತಿಳಿಯುತ್ತದೆ. ಲಂಡನ್ನಿನವನಿಗೆ ಮಾತ್ರ ಅದು ಹೇಳುವವನದೇ ಅಂದಾಜಿನಂತೆ ಕೇಳಬಹುದು. ಕೇಳಿದ ಸುದ್ದಿಗೆ 'ಐ ಹಿಯರ್', ಸಾಧ್ಯತೆಗೆ 'ಮೇ', ಸ್ವಂತ ಲೆಕ್ಕಕ್ಕೆ 'ಐ ಥಿಂಕ್' ಎಂದು ಬೇರ್ಪಡಿಸಿದರೆ ಎಲ್ಲಿ ಹೋದರೂ ನಡೆಯುತ್ತದೆ.

ಕೋರ್ಟಿನ ವಿಚಾರ. ಸಾಕ್ಷಿ ತಾನು ಕಂಡದ್ದನ್ನು, ತಾನೇ ಕೇಳಿದ್ದನ್ನು ಹೇಳಬೇಕು. ಅಭಿಪ್ರಾಯವಾದರೆ ಆ ಅಭಿಪ್ರಾಯ ಉಳ್ಳವನೇ ಬಂದು ಹೇಳಬೇಕು ಎಂದಿತ್ತು 1872ರ ಸಾಕ್ಷ್ಯ ಕಾಯ್ದೆಯ 60ನೇ ಕಲಂ. 2024ರ ಜುಲೈ 1ರಿಂದ ಹೊಸ ಕಾಯ್ದೆ ಬಂದಿದೆ, ತತ್ವ ಅದೇ. ನಮ್ಮ ಭಾಗದ ಸಾಕ್ಷಿ "ಅವಾ ರಾತ್ರಿ ಬಂದಿದ್ನಂತ್ರೀ" ಅನ್ನುತ್ತಾನೆ. ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದಾಗ ಇಂಗ್ಲಿಷ್ ಕಾಗದದಲ್ಲಿ ಅದು 'ಹಿ ಕೇಮ್' ಎಂದಾದರೆ? ಒಂದು ಪ್ರತ್ಯಯ ಬಿದ್ದುಹೋದದ್ದಕ್ಕೆ ಒಬ್ಬ ಮನುಷ್ಯ ಸಿಕ್ಕಿಕೊಳ್ಳಬಹುದು. ಇದನ್ನು ಬರೀ ವ್ಯಾಕರಣ ಎಂದು ಬಿಡಲು ಮನಸ್ಸೊಪ್ಪದು.

ಲಕ್ಷ್ಮೇಶ್ವರ. ಹಳೆಯ ಪುಲಿಗೆರೆ. ತನ್ನ ಕಾವ್ಯ ಈ ಪುಲಿಗೆರೆಯ ತಿರುಳ್ಗನ್ನಡದಲ್ಲಿದೆ ಎಂದು ಪಂಪ 10ನೇ ಶತಮಾನದಲ್ಲಿ ತಾನೇ ಹೇಳಿದ್ದಾನೆ. ಇಲ್ಲಿ 'ಅಂತ' ಬೇಕಿಲ್ಲ, ಕಾವ್ಯ ಕೈಯಲ್ಲಿದೆ. ಅವನು ಹಾಗೆ ಹೇಳಿದ್ದು ಖಚಿತ. ಆದರೆ ಈ ಊರಿನದೇ ಕನ್ನಡದ ತಿರುಳು ಎಂಬುದು ಅವನ ಅಭಿಪ್ರಾಯ. 'ಅಕಾರ್ಡಿಂಗ್ ಟು ಪಂಪ' ಎಂದರೆ ಎರಡೂ ಸರಿಯಾಗಿ ಕೂಡುತ್ತವೆ.

ಬೆಟಗೇರಿ, ಸಂದರ್ಶನದ ತಾಲೀಮು. ನೇಕಾರರ ಮನೆಯ ಹುಡುಗಿ ಪ್ರತಿ ವಾಕ್ಯವನ್ನೂ 'ಅಕಾರ್ಡಿಂಗ್ ಟು ಮಿ' ಎಂದೇ ಶುರುಮಾಡಿದಳು. 'ನನ್ನ ಪ್ರಕಾರ' ಕನ್ನಡಕ್ಕೆ ಸಹಜ. ಇಂಗ್ಲಿಷಿನವರು ಮಾತ್ರ 'ಅಕಾರ್ಡಿಂಗ್ ಟು' ಅನ್ನುವುದನ್ನು ಇನ್ನೊಬ್ಬರ ಮಾತಿಗೆ ಮೀಸಲಿಡುತ್ತಾರೆ. ಮೇಡಂ ತಿದ್ದಿದರು. ಆಗ ಅವಳು 'ಇನ್ ಮೈ ಒಪಿನಿಯನ್, ದೇರ್ ಆರ್ ಲೂಮ್ಸ್ ಇನ್ ಅವರ್ ಸ್ಟ್ರೀಟ್' ಎಂದಳು.

"ಮಗ್ಗ ಇರೋದು ನಿನ್ನ ಅಭಿಪ್ರಾಯ ಏನವಾ?"

"ಅಲ್ರೀ ಮೇಡಂ, ನಮ್ಮ ಮನ್ಯಾಗ ಐತ್ರೀ!"

"ಹಂಗಾರ ನೆಟ್ಟಗ ಹೇಳು."

ಹೇಳಿದಳು. ಆಮೇಲೆ ಕೈಮಗ್ಗದ ಸೀರೆಗೆ ಇನ್ನೂ ಹೆಚ್ಚು ಬೆಲೆ ಸಿಗಬೇಕು ಎಂಬುದಕ್ಕೆ ತಾನಾಗಿಯೇ 'ಐ ಥಿಂಕ್' ಹಚ್ಚಿದಳು. ದನಿಯೇ ಬೇರೆಯಾಯಿತು. ಯಾವ ಪದ ಎಂದು ಹುಡುಕುವ ಮೊದಲು 'ನನಗಿದು ಹೆಂಗ ಗೊತ್ತು?' ಎಂದು ಕೇಳಿಕೊಳ್ಳುವುದನ್ನು ನಮ್ಮ ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು ಯಾಕೆ ಕಲಿಸುವುದಿಲ್ಲ? ಉತ್ತರವಂತೂ ಈ ಮಕ್ಕಳ ಕನ್ನಡದಲ್ಲೇ ಇದೆ.

ಮುಂಡರಗಿ ತಾಲ್ಲೂಕು, ಹಳ್ಳಿಗುಡಿ. 2011ರಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ಕೇಳಿದಾಗ ರೈತರು ವಿರೋಧಿಸಿದರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಅದೇ ವರ್ಷ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. "ಭೂಮಿ ಕೊಡಂಗಿಲ್ಲ" ಎಂಬ ಮಾತನ್ನು 'ಫಾರ್ಮರ್ಸ್ ಫೀಲ್' ಎಂದು ಬರೆಯಬಹುದೇ? ಅದು ಅನಿಸಿಕೆಯಲ್ಲ, ನಿರ್ಧಾರ. 'ಫೀಲ್' ಎಂದೊಡನೆ ಸಮಾಧಾನ ಹೇಳಿ ಕಳಿಸಬಹುದಾದ ದುಃಖದಂತೆ ಕಾಣುತ್ತದೆ. 'ವಿ ವಿಲ್ ನಾಟ್ ಗಿವ್' ಎಂಬುದಷ್ಟೇ ಅದಕ್ಕೆ ತಕ್ಕದ್ದು.

ಶಿರಹಟ್ಟಿ. ಎಲ್ಲಕ್ಕಿಂತ ಇಲ್ಲಿ ಹೆಚ್ಚು ಗೊಂದಲ. ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ. ಕೇಳಿದರೆ ಯಾರೂ "ನಂಬತೇವಿ" ಅನ್ನುವುದಿಲ್ಲ, "ನಮ್ಮ ಮನಿತನ ಫಕೀರೇಶ್ವರಗ ನಡಕೋತೈತ್ರೀ" ಅನ್ನುತ್ತಾರೆ. ಜಾತ್ರೆಗೆ ಬರುವುದು, ಹರಕೆ ತೀರಿಸುವುದು, ಮಗುವಿಗೆ ಫಕೀರಪ್ಪ, ಫಕೀರವ್ವ ಎಂದು ಹೆಸರಿಡುವುದು ಎಲ್ಲವೂ ಆ 'ನಡಕೊಳ್ಳೋದ'ರಲ್ಲಿ ಬಂತು. 'ವಿ ಬಿಲೀವ್ ಇನ್ ಹಿಮ್' ಎಂದರೆ ಮಾತು ಮನಸ್ಸಿನೊಳಗೇ ನಿಂತುಬಿಡುತ್ತದೆ. 'ವಿ ಫಾಲೋ' ಎಂದರೆ ಪಂಥ ಸೇರಿದಂತಾಗುತ್ತದೆ. ಸದ್ಯಕ್ಕೆ 'ಅವರ್ ಫ್ಯಾಮಿಲಿ ಗೋಸ್ ಟು ಹಿಮ್' ಎಂದು ಬರೆದುಕೊಂಡಿದ್ದೇನೆ. ಹರಕೆಯೂ ಹೆಸರೂ ಇನ್ನೂ ಹೊರಗೇ ಉಳಿದಿವೆ. ಅವನ್ನು ಬೇರೆ ವಾಕ್ಯದಲ್ಲೇ ಹೇಳಬೇಕು, ಬಿಡಬಾರದು.