ಪಾಸೇನೋ ಇದೆ, ಸೀಟು?

ಮಗಳ ಮನೆಗೆಂದು ಯೂರೋಪಿಗೆ ಹೊರಟಿದ್ದೀರಾ? ಹಾಗಾದರೆ ಯೂರೇಲ್ ಪಾಸಿನ ಹೆಸರು ನಿಮ್ಮ ಕಿವಿಗೂ ಬಿದ್ದಿರಬೇಕು. ಗ್ಲೋಬಲ್ ಪಾಸ್ ಒಂದಿದ್ದರೆ 33 ದೇಶಗಳ ರೈಲು ಹತ್ತಬಹುದು, ನಿಜ. ಆದರೆ ಅದು ಬರೀ ಪ್ರಯಾಣದ ಚಾರ್ಜು ಕಣ್ರೀ, ಕೂರುವ ಜಾಗದ ಲೆಕ್ಕ ಬೇರೆ.

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಲ್ಲಿ ಹೆಚ್ಚಿನ ರೈಲುಗಳಿಗೆ ಸುಮ್ಮನೆ ಹತ್ತಿ ಕೂರಬಹುದು. ಸೀಟಿನ ಬಳಿ ಎರಡು ಊರಿನ ಹೆಸರು ಕಂಡರೆ, ಆ ಊರಿಂದ ಈ ಊರಿಗೆ ಅದು ಬೇರೆಯವರದು ಎಂದರ್ಥ.

ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಲಂಡನ್ನಿಗೆ ಹೋಗುವ ಯೂರೋಸ್ಟಾರ್ ಹಾಗಲ್ಲ. ಸೀಟು ಕಾದಿರಿಸಲೇಬೇಕು, ಅದಕ್ಕೆ ಬೇರೆ ದುಡ್ಡು. ಟಿಜಿವಿ, ಯೂರೋಸ್ಟಾರ್‌ಗಳಲ್ಲಂತೂ ಪಾಸಿನವರಿಗೆ ಇಂತಿಷ್ಟೇ ಸೀಟು ಅಂತ ಕೋಟಾ. ಅದು ಮುಗಿಯಿತೋ, ಬೋಗಿಯಲ್ಲಿ ಜಾಗವಿದ್ದರೂ ನಿಮಗಿಲ್ಲ! ಕೈಯಲ್ಲಿ ಪಾಸಿಟ್ಟುಕೊಂಡೇ ಪೂರ್ತಿ ಟಿಕೆಟ್ ಕೊಳ್ಳಬೇಕು. ಮೊಮ್ಮಗುವನ್ನು ಕಂಕುಳಲ್ಲಿಟ್ಟುಕೊಂಡು ಪ್ಯಾರಿಸ್ಸಿನ ಸ್ಟೇಷನ್ನಿನಲ್ಲಿ ಈ ಪಾಡು ಯಾರಿಗೆ ಬೇಕು? ಅದಕ್ಕೇ ಮೊದಲು ಈ ರೈಲುಗಳ ಸೀಟು ಗೊತ್ತುಮಾಡಿ, ಆಮೇಲೆ ಉಳಿದ ದಿನಗಳನ್ನು ಹೊಂದಿಸಿಕೊಳ್ಳಿ. ನಿಧಾನವಾದರೂ ಚಿಂತೆಯಿಲ್ಲ ಅನ್ನುವವರಿಗೆ ಫ್ರಾನ್ಸಿನಲ್ಲಿ ಟಿಇಆರ್ ಎಂಬ ಪ್ರಾದೇಶಿಕ ರೈಲುಗಳಿವೆ. ಹೆಚ್ಚಿನವಕ್ಕೆ ಕಾದಿರಿಸುವ ಗೋಜಿಲ್ಲ.

ದೊಡ್ಡವರ ಜೊತೆ ಹೋಗುವ 4ರಿಂದ 11 ವರ್ಷದ ಮಕ್ಕಳಿಗೆ ಪಾಸು ಪುಕ್ಕಟೆ. ಆದರೆ ಕಾದಿರಿಸುವ ಸೀಟಿಗೆ ಅವರದ್ದೂ ದುಡ್ಡು ಕೊಡಬೇಕು, ಮರೀಬೇಡಿ.

ರಾತ್ರಿ ರೈಲಿಗೂ ಮುಂಚೆಯೇ ಬುಕ್ ಮಾಡಬೇಕು. ಆಸ್ಟ್ರಿಯಾದ ನೈಟ್‌ಜೆಟ್‌ನಲ್ಲಿ ಹೆಂಗಸರಿಗೇ ಮೀಸಲಾದ ಕಂಪಾರ್ಟ್‌ಮೆಂಟ್ ಉಂಟು. ಒಬ್ಬರೇ ಹೋಗುವುದಾದರೆ ಬುಕ್ ಮಾಡುವಾಗಲೇ ಅದನ್ನು ಆರಿಸಿಕೊಳ್ಳಿ.