ನೀರಿನ ಭಾರ

ಬೆಳಿಗ್ಗೆ ಅಕ್ಕನ ಮಗ ಜಗಲಿಯ ಮೇಲೆ ಬೆನ್ನುಚೀಲದ ಸಾಮಾನೆಲ್ಲ ಸುರಿದುಕೊಂಡು ಕೂತಿದ್ದ. ಕೊಡಚಾದ್ರಿ ಹತ್ತಲು ಹೊರಟವನು. ಬೆಂಗಳೂರಿನಿಂದ ಬರುವಾಗಲೇ ಸೂಟ್‌ಕೇಸ್ ತೂಗುವ ಕೊಕ್ಕೆತಕ್ಕಡಿಯನ್ನೂ ತಂದಿದ್ದ. ಚೀಲ ಸಿಕ್ಕಿಸಿ ಎತ್ತಿದರೆ 14 ಕಿಲೋ. ಒಂದೊಂದೇ ಕಳೆಯುತ್ತಾ ಬಂದ. ಎರಡನೇ ಜೀನ್ಸ್ ಹೋಯಿತು. ಟರ್ಕಿ ಟವೆಲ್ ಹೋಗಿ ತೆಳು ಪಂಚೆಯ ತುಂಡು ಬಂತು. ಅಕ್ಕ ಕೊಟ್ಟ ಚಕ್ಕುಲಿ ಸ್ಟೀಲ್ ಡಬ್ಬಿಯಿಂದ ಕವರಿಗೆ ಇಳಿಯಿತು. ಇಷ್ಟಾದರೂ ಲೀಟರಿನ ನಾಲ್ಕು ನೀರಿನ ಬಾಟಲಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

“ಅಷ್ಟು ಮಳೆ ಬೀಳೋ ಸೀಮೆಗೆ ಇಲ್ಲಿಂದ ನೀರು ಹೊತ್ಕೊಂಡು ಹೋಗ್ತೀಯೇನೋ?” ಎಂದೆ.

“ಯಾವ ಹಳ್ಳದ ನೀರು ಕುಡೀಬಹುದು, ಯಾವುದು ಕುಡೀಬಾರದು ಅಂತ ನಂಗೇನು ಗೊತ್ತು ಮಾವ?”

ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ತಪ್ಪಿಲ್ಲದ್ದಕ್ಕೇ ನನಗೆ ಸಿಟ್ಟು ಬಂದದ್ದು, ಇನ್ನೂ ಇಳಿದಿಲ್ಲ.

ಡೇರೆ, ಮಲಗುವ ಚೀಲ, ಬೆನ್ನುಚೀಲ ಈ ಮೂರನ್ನು ಹಗುರದ್ದು ಕೊಂಡರೆ ಅರ್ಧ ಭಾರ ಇಳಿದಂತೆ, ಭಾರದ ಸಾಮಾನು ಬೆನ್ನಿಗೆ ಒತ್ತಿರಬೇಕು, ಸೊಂಟದ ಪಟ್ಟಿ ಬಿಗಿಯಬೇಕು. ಚಾರಣಕ್ಕೆ ಹೋಗುವವರಿಗೆ ಇದೆಲ್ಲ ಗೊತ್ತಿದ್ದದ್ದೇ. ಆದರೆ ನೀರಿನಲ್ಲಿ ಹಗುರದ ನಮೂನೆ ಎಂಬುದಿಲ್ಲ. ಎಷ್ಟು ದುಡ್ಡು ಸುರಿದರೂ ಲೀಟರ್ ನೀರು ಒಂದು ಕಿಲೋ ತೂಗಿಯೇ ತೂಗುತ್ತದೆ. ಅದನ್ನು ಹಗುರ ಮಾಡಲು ಆಗುವುದು ದಾರಿಗೆ ಮಾತ್ರ. ದಾರಿಯಲ್ಲಿ ನಂಬಿ ಕುಡಿಯುವ ನೀರಿದ್ದರೆ ಬೆನ್ನ ಮೇಲೆ ನೀರು ಯಾಕೆ ಬೇಕು?

ಅಂಥ ದಾರಿ ಒಂದು ಕಾಲಕ್ಕೆ ಇತ್ತು. ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಯ ಮುಂದೆ ನಿಂತಾಗಲೆಲ್ಲ ನನಗೆ ಅಕ್ಕಮಹಾದೇವಿಯ ನೆನಪಾಗುತ್ತದೆ. ಅವಳ ಊರು ಉಡುತಡಿ ನಮ್ಮ ಶಿಕಾರಿಪುರ ಸೀಮೆಯದೇ. 12ನೇ ಶತಮಾನದಲ್ಲಿ ಇಲ್ಲಿಂದ ಹೊರಟ ಹೆಣ್ಣುಮಗಳು ಕಲ್ಯಾಣಕ್ಕೆ ನಡೆದಳು, ಅಲ್ಲಿಂದ ಶ್ರೀಶೈಲಕ್ಕೆ. ನೂರಾರು ಕಿಲೋಮೀಟರ್ ದಾರಿ. ಉಟ್ಟ ಬಟ್ಟೆಯ ಹಂಗನ್ನೂ ಕಳಚಿಕೊಂಡು ಹೋದವಳು. ಹಸಿವೆಗೆ, ನೀರಡಿಕೆಗೆ, ನಿದ್ದೆಗೆ ದಾರಿಯಲ್ಲಿ ಏನು ಸಿಗುತ್ತದೆ ಎಂದು ಅವಳು ಹೇಳುವ ವಚನ ಕನ್ನಡಿಗರಿಗೆಲ್ಲ ಬಾಯಿಪಾಠ. ಅದನ್ನು ವೈರಾಗ್ಯದ ಮಾತೆಂದು ಓದುವವರೇ ಹೆಚ್ಚು. ವೈರಾಗ್ಯ ಇದ್ದೇ ಇದೆ. ಜೊತೆಗೆ ಅದು ಆ ಕಾಲದ ದಾರಿಯ ಬಗ್ಗೆ ನಡೆದವಳೊಬ್ಬಳು ಕೊಟ್ಟ ಸಾಕ್ಷಿಯೂ ಹೌದು. ಊರುಗಳು ಅನ್ನ ಕೊಡುತ್ತಿದ್ದವು, ಕೆರೆಬಾವಿಗಳು ನೀರು ಕೊಡುತ್ತಿದ್ದವು ಎಂಬ ಭರವಸೆ ಇಲ್ಲದೆ ಯಾರೂ ಬರಿಗೈಯಲ್ಲಿ ಶ್ರೀಶೈಲದ ಕಡೆ ಕಾಲಿಡಲಾರರು.

ಅನುಮಾನವಿದ್ದವರು ಬಳ್ಳಿಗಾವಿಗೆ ಹೋಗಿ ಬರಲಿ. ಕೇದಾರೇಶ್ವರನ ಕೋಡಿಯಮಠದ 1162ರ ಶಾಸನ ಅಲ್ಲಿ ಯಾರುಯಾರಿಗೆ ಅನ್ನ ನಡೆಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಹಾಡುವವರು, ಕುಣಿಯುವವರು, ನಾನಾ ಪಂಥದ ಸನ್ಯಾಸಿಗಳು, ನಾನಾ ದೇಶದಿಂದ ಬಂದ ಭಿಕ್ಷುಕರು. ಕಾಯಿಲೆ ಬಿದ್ದವರಿಗೆ ಔಷಧಿಯೂ ಉಂಟು. ಇಂಥದೊಂದು ಮಠ ದಾರಿಯಲ್ಲಿದ್ದರೆ ಚೀಲದಿಂದ ಒಲೆ, ಪಾತ್ರೆ, ಅಕ್ಕಿಬೇಳೆ, ಔಷಧದ ಪೊಟ್ಟಣ ಎಲ್ಲ ಒಟ್ಟಿಗೆ ಇಳಿಯುತ್ತವೆ.

ಹೊರೆಗಲ್ಲು ನೋಡಿದ್ದೀರಾ? ಮಲೆನಾಡು, ಕರಾವಳಿಯ ಹಳೆಯ ಕಾಲುದಾರಿಗಳ ಪಕ್ಕ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿವೆ. ನೆಟ್ಟ ಎರಡು ಕಲ್ಲಿನ ಮೇಲೆ ಅಡ್ಡ ಹಾಸಿದ ಒಂದು ಕಲ್ಲು, ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ತಲೆಹೊರೆ ಹೊತ್ತವನ ಕಷ್ಟ ನಡೆಯುವುದಕ್ಕಿಂತ ಇಳಿಸುವುದರಲ್ಲಿದೆ. ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಿ ಹೊರಿಸಲು ಇನ್ನೊಬ್ಬ ಬೇಕು. ಹೊರೆಗಲ್ಲಿನ ಹತ್ತಿರ ಹಾಗಿಲ್ಲ. ಕಲ್ಲಿಗೆ ಒತ್ತಿ ನಿಂತು ಹೊರೆಯನ್ನು ಹಾಗೇ ಅದರ ಮೇಲೆ ಜಾರಿಸುವುದು. ಬೆವರು ಒರೆಸಿ, ಎಲೆಅಡಿಕೆ ಹಾಕಿ, ಮತ್ತೆ ತಲೆ ಕೊಟ್ಟರೆ ಹೊರೆ ತಾನಾಗಿ ಬರುತ್ತದೆ. ಒಂಟಿಯಾಗಿ ಬರುವ ಯಾರೋ ಗುರುತಿಲ್ಲದವರ ಕತ್ತುನೋವನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬರು ಕಲ್ಲು ಕಡಿಸಿ ನಿಲ್ಲಿಸಿದರಲ್ಲ, ಅದಕ್ಕಿಂತ ದೊಡ್ಡ ಧರ್ಮವನ್ನು ನಾನು ಕಂಡಿಲ್ಲ. ರಸ್ತೆ ಅಗಲ ಮಾಡುವಾಗ ಅದನ್ನು ಕಿತ್ತು ಮೋರಿಗೆ ಹಾಸುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಗುಡಿಯ ಕಲ್ಲಿಗೆ ಕೊಡುವ ಮರ್ಯಾದೆಯನ್ನು ಇದಕ್ಕೂ ಕೊಡಬೇಕು.

ಎಲ್ಲವೂ ಹೋಯಿತು ಎನ್ನಲಾರೆ. ಯುಗಾದಿಯ ಹೊತ್ತಿಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಮರಗಾಲು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಹೆಗಲಿಗೊಂದು ಚೀಲ, ಹಾಸಲು ಹೊದೆಯಲು ಒಂದು ದುಪ್ಪಟಿ, ಅಷ್ಟೇ. ದಾರಿಯ ಊರಿನವರು ಅರವಟ್ಟಿಗೆ ಇಟ್ಟು, ರೊಟ್ಟಿ ಬಡಿದು, ಮಜ್ಜಿಗೆ ಕಲಸಿ, ಗುಳ್ಳೆ ಎದ್ದ ಪಾದಕ್ಕೆ ಎಣ್ಣೆ ಹಚ್ಚಿ ಕಳಿಸುತ್ತಾರೆ. ಮುಂದೆ ನಲ್ಲಮಲ ಕಾಡು, ಬೇಸಿಗೆಯ ಬಿಸಿಲು. ಆ ಬಿಸಿಲಲ್ಲೂ ಅವರ ಚೀಲ ಹಗುರವಾಗಿರುವುದು ಊರೂರಿನ ಕೈಗಳಿಂದ.

ಇದನ್ನೆಲ್ಲ ಯೋಚಿಸುತ್ತಿದ್ದರೆ ಮನಸ್ಸು ತಾಳಗುಂದಕ್ಕೆ ಹೋಗಿ ನಿಲ್ಲುತ್ತದೆ. ಪ್ರಣವೇಶ್ವರನ ಗುಡಿಯ ಮುಂದಿನ ಕಂಬದ ಶಾಸನ 5ನೇ ಶತಮಾನದ್ದು, ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ, ಪಲ್ಲವರ ಕುದುರೆ ಸವಾರರೊಂದಿಗೆ ಜಗಳವಾಯಿತು, ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು ಎಂದು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಕದಂಬ ರಾಜ್ಯ ಹುಟ್ಟಿದ ಕಥೆ ಅದು. ಆದರೆ ಆ ಕಂಬವನ್ನು ನೆಟ್ಟ ಕಾರಣ ಬೇರೆ. ಮಯೂರನ ವಂಶದ ಕಾಕುಸ್ಥವರ್ಮ ಆ ದೇವಾಲಯದ ಹತ್ತಿರ ದೊಡ್ಡದೊಂದು ಕೆರೆ ಕಟ್ಟಿಸಿದ. ಆ ಸುದ್ದಿ ಉಳಿಯಲೆಂದು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕಲ್ಲು ಕೊರೆಸಿದರು. ಕಂಚಿಯ ಜಗಳ, ಕತ್ತಿ, ಪಟ್ಟಾಭಿಷೇಕ ಎಲ್ಲ ಆ ಕೆರೆಯ ಸುದ್ದಿಗೆ ಬರೆದ ಪೀಠಿಕೆ. ನಮ್ಮ ಪಾಠಪುಸ್ತಕಗಳು ಪೀಠಿಕೆಯನ್ನು ಇಟ್ಟುಕೊಂಡು ಕೆರೆಯನ್ನು ಬಿಟ್ಟವು. ಈ ಸೀಮೆಯ ಮಕ್ಕಳಿಗಾದರೂ ಆ ಕಂಬದ ಪಾಠವನ್ನು ಕೆರೆಯಿಂದಲೇ ಶುರು ಮಾಡಬೇಕು, ಅವರನ್ನು ತಾಳಗುಂದಕ್ಕೆ ನಡೆಸಿಕೊಂಡೇ ಹೋಗಬೇಕು.