ಗ್ಯಾಜೆಟಿಯರ್ ಕಂಡ ನಮ್ಮ ಸೀಮೆ

ಮುದ್ದೇಬಿಹಾಳದವರು ನಾವು ಎಂದೊಡನೆ ಹೊರಗಿನವರು ತಾಳಿಕೋಟೆ ಯುದ್ಧದ ಮಾತು ತೆಗೆಯುತ್ತಾರೆ. ನಾವು ಮುಸ್ಲಿಮರೆಂದು ತಿಳಿದಾಗ ಆ ಮಾತಿನ ಧಾಟಿ ಕೊಂಚ ಬದಲಾಗುತ್ತದೆ. ಈ ದೃಷ್ಟಿ ಕೃಷ್ಣೆಯ ದಂಡೆಯಲ್ಲಿ ಹುಟ್ಟಿದ್ದಲ್ಲ. ಬಹುಪಾಲು ಅಚ್ಚುಕೂಟದಲ್ಲಿ ಹುಟ್ಟಿದ್ದು.

1884ರಲ್ಲಿ ಜೇಮ್ಸ್ ಕ್ಯಾಂಬೆಲ್ ಸಂಪಾದಕತ್ವದ ಮುಂಬಯಿ ಪ್ರಾಂತದ ಗ್ಯಾಜೆಟಿಯರಿನಲ್ಲಿ ವಿಜಾಪುರದ ಸಂಪುಟ ಹೊರಬಂದಿತು. ಮಣ್ಣು, ಮಳೆ, ಬೆಳೆ, ಸಂತೆಗಳ ವಿವರ ಅದರಲ್ಲಿ ವಿಪುಲವಾಗಿದೆ. ಅದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜನರ ವಿಷಯಕ್ಕೆ ಬಂದಾಗ ಪ್ರತಿಯೊಂದು ಜಾತಿಗೂ ಪಂಗಡಕ್ಕೂ ಮೈಬಣ್ಣ, ಸ್ವಭಾವ, ಶುಚಿತ್ವಗಳ ಸಿದ್ಧ ಷರಾ ಬರೆಯಲಾಗಿದೆ. ದನಗಳ ತಳಿಯನ್ನು ವರ್ಣಿಸುವ ರೀತಿಯೇ ಮನುಷ್ಯರಿಗೂ! ಕೆಲವೇ ವರ್ಷಗಳ ಹಿಂದೆ, 1876-78ರ ಬರಗಾಲದಲ್ಲಿ, ಇದೇ ಜನ ಹಸಿವಿನಿಂದ ಸತ್ತಿದ್ದರು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆ ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಕಳೆದುಕೊಂಡಿತ್ತು. ಆಳುವವರಿಗೆ ತಮ್ಮ ಆಡಳಿತಕ್ಕಿಂತ ಆಳಿಸಿಕೊಳ್ಳುವವರ ಸ್ವಭಾವವನ್ನು ಅಳೆಯುವುದು ಸುಲಭವಾಗಿತ್ತು.

ಗ್ಯಾಜೆಟಿಯರ್ ಕಚೇರಿಯ ಕಪಾಟಿನ ಗ್ರಂಥ. ಸಾಮಾನ್ಯ ಓದುಗರನ್ನು ತಲುಪಿದ್ದು ಮದರಾಸಿನ ಅಧಿಕಾರಿ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಕಥನ. ಆ ಸಾಮ್ರಾಜ್ಯವನ್ನು ಅವನು ಮುಸ್ಲಿಮರನ್ನು ತಡೆದು ನಿಂತ ಹಿಂದೂ ಕೋಟೆಯೆಂದು ಚಿತ್ರಿಸಿದನು. ನಮ್ಮ ಹೊಳೆ ಎರಡು ಧರ್ಮಗಳ ಗಡಿಯಾಯಿತು. ಇಬ್ಬರೂ ಸದಾ ಕಾದಾಡುವವರಾದರೆ ನಡುವೆ ನಿಲ್ಲಲು ಮೂರನೆಯವನೊಬ್ಬ ಬೇಕಲ್ಲವೇ?

ನಡೆದದ್ದು ಅಷ್ಟು ಸರಳವಲ್ಲ. ರಾಮರಾಯ ಯೌವನದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. 1565ರಲ್ಲಿ ಅವನ ಎದುರು ನಿಂತ ಅಲಿ ಆದಿಲಶಾಹ, ಕೆಲವೇ ವರ್ಷಗಳ ಮುಂಚೆ ಅವನೊಡನೆ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದನು. ರಾಮರಾಯನ ಪಾಳೆಯದಲ್ಲಿ ಮುಸ್ಲಿಂ ಸರದಾರರಿದ್ದರು. ಅಲಿಯ ನಂತರ ವಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ 'ಕಿತಾಬ್-ಎ-ನವರಸ್' ರಚಿಸಿ, ಅದರಲ್ಲಿ ಸರಸ್ವತಿಯನ್ನೂ ಗುಲಬರ್ಗದ ಬಂದೇನವಾಜರನ್ನೂ ಸ್ತುತಿಸಿದನು. ಇದಾವುದೂ ಆ ನಕ್ಷೆಯಲ್ಲಿ ಹಿಡಿಸುವುದಿಲ್ಲ.

ಅಮೆರಿಕದ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ 1888ರಲ್ಲಿ ಆರಂಭವಾದುದು. ದಶಕಗಳ ಕಾಲ ತಾನು ಬಿಳಿಯರಲ್ಲದವರನ್ನು ಜನಾಂಗೀಯ ದೃಷ್ಟಿಯಿಂದ ತೋರಿಸಿದೆನೆಂದು 2018ರಲ್ಲಿ ಅದೇ ಒಪ್ಪಿಕೊಂಡಿತು. ಗ್ಯಾಜೆಟಿಯರಿನ ಷರಾಗಳಾದರೋ ಇಂದಿಗೂ ನಮ್ಮ ಸ್ಥಳೀಯ ಇತಿಹಾಸದ ಪುಸ್ತಕಗಳಿಗೆ ಆಧಾರವಾಗಿ ಇಳಿಯುತ್ತಿವೆ. ಆದ್ದರಿಂದ ಆ ಸಂಪುಟವನ್ನು ನಮ್ಮ ಮಕ್ಕಳ ಕೈಗಿಡುವಾಗ, ಅದರ ಇಸವಿಯನ್ನೂ ಬರೆಸಿದ ಸರಕಾರದ ಹೆಸರನ್ನೂ ಮೊದಲು ಓದಿಸುತ್ತೇವೆ. ಜೋಳದ ಬೆಳೆಯ ಪುಟ ಆಮೇಲೆ.